ಗಂಟೆಯಿಲ್ಲದ ದಿನಗಳು

ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ನಮ್ಮ ಮನೆಗೆ ಬಂದು, ನಿವೃತ್ತರಾದ ಉಪಾಧ್ಯಾಯಿನಿಯರ ಪೈಕಿ ಶಾಲೆಗೆ ಅತ್ಯಂತ ಸಮೀಪದಲ್ಲಿ ವಾಸವಾಗಿರುವವರು ತಾವಾದುದರಿಂದ ತಮ್ಮಿಂದ ಒಂದು ಲೇಖನ ಬಾರದೆ ಸಂಚಿಕೆಯು ಪೂರ್ತಿಯಾಗದೆಂದು ಒತ್ತಾಯಪಡಿಸಿದಾಗ, ಹಿಂದಿನ ಮುಖ್ಯೋಪಾಧ್ಯಾಯಿನಿಯರ ಗುಣಕಥನವನ್ನೇ ಬರೆಯೋಣವೆಂದು ಮೊದಲು ತೋರಿತು. ಆದರೆ ಅಂಥ ಲೇಖನಗಳಿಗೆ ಈ ಪುಟಗಳಲ್ಲಿ ಎಂದೂ ಕೊರತೆಯಾದುದಿಲ್ಲ. ಆದುದರಿಂದ 2020 ಮತ್ತು 2021ನೆಯ ಇಸವಿಗಳಲ್ಲಿ, ಕೊರೋನಾ ಎಂಬ ಮಹಾವ್ಯಾಧಿಯು ಲೋಕವನ್ನೆಲ್ಲ ಆವರಿಸಿದ್ದಾಗ, ಮೈಸೂರಿನ ಒಂದು ಹಳೆಯ ಮನೆಯಲ್ಲಿ ನಾವು ದಿನಗಳೆದ ರೀತಿಯನ್ನು ಬರೆಯುವುದೆಂದು ನಿಶ್ಚಯಿಸಿದೆವು. ಆಗ ಶಾಲೆಯ ಬೆಂಚುಗಳ ಮೇಲೆ ಕುಳಿತಿದ್ದ ಹುಡುಗಿಯರು ಈಗ ಹಳೆಯ ವಿದ್ಯಾರ್ಥಿನಿಯರ ಸಂಘಕ್ಕೆ ಚಂದಾ ಕೊಡುವಷ್ಟು ದೊಡ್ಡವರಾಗಿದ್ದಾರೆ. ಅವರ ತಂದೆತಾಯಿಗಳು ಆ ದಿನಗಳನ್ನು ಮರೆತಿರಲಾರರು. ಆದರೂ ಮುದುಕರು ಬಾಗಿಲ ಒಳಗೆ ಏನು ಮಾಡುತ್ತಿದ್ದರೆಂಬುದನ್ನು ಯಾರೂ ಹೆಚ್ಚಾಗಿ ಬರೆದಂತೆ ಕಾಣಲಿಲ್ಲ.

ನಾವು ಈ ಶಾಲೆಯಲ್ಲಿ ಗಣಿತವನ್ನು ಕಲಿಸಿ 2014ರಲ್ಲಿ ನಿವೃತ್ತರಾದವರು. ವಿಧವೆಯರಾದ ನಮ್ಮ ಅಕ್ಕನವರೂ ನಮ್ಮೊಡನೆಯೇ ಇರುವರು. 2020ರಲ್ಲಿ ಅವರಿಗೆ ಎಪ್ಪತ್ತೇಳು ತುಂಬಿತ್ತು. ನಿವೃತ್ತರ ದಿನಚರಿ ಎಂಬುದು ತಮ್ಮದೆಂದು ತೋರಿದರೂ ನಿಜವಾಗಿ ಅದು ಇತರರಿಂದ ಸಾಲವಾಗಿ ಪಡೆದದ್ದು. ಹಾಲಿನವನು ಬಂದರೆ ಬೆಳಗು, ಪತ್ರಿಕೆಯವನು ಬಂದರೆ ಕಾಫಿ, ಕೆಲಸದಾಕೆ ಬಂದರೆ ಎಂಟು ಗಂಟೆ. ಎಲ್ಲಕ್ಕೂ ಮಿಗಿಲಾಗಿ, ಶಾಲೆಯ ಗಂಟೆಯ ಧ್ವನಿಯು ನಮ್ಮ ಹಿತ್ತಲಿನ ತನಕ ಕೇಳಿಬರುವುದರಿಂದ, ನಾವು ನಿವೃತ್ತರಾದ ಮೇಲೂ ಆರು ವರ್ಷ ಪಿರಿಯಡ್ಡುಗಳ ಲೆಕ್ಕದಲ್ಲಿಯೇ ಬದುಕುತ್ತಿದ್ದೆವು. ಮೂರನೆಯ ಪಿರಿಯಡ್ಡಿಗೆ ಅಕ್ಕಿ ತೊಳೆಯುವುದು, ಊಟದ ಗಂಟೆಗೆ ಎಲೆ ಹಾಕುವುದು. ಅಕ್ಕನವರು ನಮ್ಮನ್ನು ಇದಕ್ಕಾಗಿ ಹಾಸ್ಯ ಮಾಡುವುದುಂಟು. ಆದರೆ ಗಂಟೆ ಬಾರಿಸಿದಾಗ ತಾವೇ ಮೊದಲು ತಟ್ಟೆಗಳನ್ನು ತೆಗೆದಿಡುವರು.

2020ರ ಮಾರ್ಚ್ ತಿಂಗಳಿನಲ್ಲಿ ಸುದ್ದಿಗಳು ಒಂದರ ಹಿಂದೆ ಒಂದು ಬಂದುವು. ಬೆಂಗಳೂರಿನಲ್ಲಿ ವಿದೇಶದಿಂದ ಬಂದವರೊಬ್ಬರಿಗೆ ರೋಗವಿದೆಯೆಂದು 9ನೆಯ ತಾರೀಖು ತಿಳಿಯಿತು. ಕಲಬುರಗಿಯಲ್ಲಿ ಎಪ್ಪತ್ತಾರು ವಯಸ್ಸಿನ ವೃದ್ಧರೊಬ್ಬರು ತೀರಿಕೊಂಡರು. ಈ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಮರಣ ಅದು. 11ನೆಯ ತಾರೀಖು ವಿಶ್ವ ಆರೋಗ್ಯ ಸಂಸ್ಥೆಯವರು ಇದನ್ನು ಜಗದ್ವ್ಯಾಪಿ ವ್ಯಾಧಿಯೆಂದು ಸಾರಿದರು. ಶಾಲೆಗಳು ಮುಚ್ಚಿದುವು. 22ನೆಯ ತಾರೀಖು ಭಾನುವಾರ ಜನತಾ ಕರ್ಫ್ಯೂ ಎಂದು ಎಲ್ಲರೂ ಒಳಗಿದ್ದು ಸಂಜೆ ಐದು ಗಂಟೆಗೆ ವೈದ್ಯರಿಗೂ ದಾದಿಯರಿಗೂ ಗೌರವಾರ್ಥವಾಗಿ ಚಪ್ಪಾಳೆ ತಟ್ಟಬೇಕೆಂದಾಯಿತು. ಅಕ್ಕನವರು ಚಪ್ಪಾಳೆಯಿಂದ ತೃಪ್ತರಾಗದೆ ಹಿತ್ತಾಳೆಯ ಹರಿವಾಣವನ್ನು ಸೌಟಿನಿಂದ ಬಾರಿಸಿದರು. ಆ ಹರಿವಾಣದ ನಡುವೆ ಬಿದ್ದ ನೆಗ್ಗು ಈಗಲೂ ಇದೆ. 25ನೆಯ ತಾರೀಖಿನಿಂದ ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ಆರಂಭವಾಯಿತು. ಅದು ಮುಗಿಯುವ ಮುನ್ನವೇ ಮೇ 3ರ ತನಕ ಎಂದರು, ಆಮೇಲೆ 17, ಆಮೇಲೆ 31. ಅರುವತ್ತೈದು ವಯಸ್ಸು ಮೀರಿದವರು ಅತ್ಯವಶ್ಯವಿಲ್ಲದೆ ಮನೆ ಬಿಟ್ಟು ಹೊರಡಬಾರದೆಂದು ಸರಕಾರದವರು ಹೇಳಿದಾಗ ನಮಗೆ ಅರುವತ್ತಾರು. ಒಂದು ವರ್ಷದಿಂದ ಆ ತರಗತಿಗೆ ಸೇರಿಹೋಗಿದ್ದೆವು.

ಆ ದಿನಗಳ ನಿಶ್ಶಬ್ದವನ್ನು ಹೇಗೆ ವರ್ಣಿಸುವುದು? ಪ್ರಯಾಣಿಕರ ರೈಲುಗಳು ನಿಂತಿದ್ದುದರಿಂದ ಇರುಳಿನಲ್ಲಿ ಅಪರೂಪಕ್ಕೊಮ್ಮೆ ಸರಕಿನ ಗಾಡಿಯ ಕೂಗು ಕೇಳಿದರೆ ನೆಂಟರು ಬಂದಷ್ಟು ಸಂತೋಷವಾಗುತ್ತಿತ್ತು. ಬೀದಿಯಲ್ಲಿ ಹಣ್ಣಿನ ಗಾಡಿಯಿಲ್ಲ, ಹಳೆಯ ಪೇಪರಿನವನ ಕೂಗಿಲ್ಲ. ಪಕ್ಷಿಗಳು ಮಾತ್ರ ತಮಗೆ ರಜೆಯಿಲ್ಲವೆಂಬಂತೆ ಕೂಗುತ್ತಿದ್ದುವು. ಶಾಲೆಯ ಗಂಟೆ ಇಲ್ಲದೆ ನಮ್ಮ ಮಧ್ಯಾಹ್ನಗಳು ಒಂದಕ್ಕೊಂದು ಅಂಟಿಕೊಂಡವು. ಒಂದು ದಿನ ಹನ್ನೊಂದು ಗಂಟೆಗೇ ಊಟ ಮುಗಿಸಿ, ಇನ್ನೊಂದು ದಿನ ಮೂರು ಗಂಟೆಯಾದರೂ ಒಲೆ ಹೊತ್ತಿಸದೆ, ಕಡೆಗೆ ನಾವೇ ಒಂದು ವೇಳಾಪಟ್ಟಿಯನ್ನು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಬೇಕಾಯಿತು. ಇದೇ ಸಮಯದಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ರೋಗವು ಕಾಣಿಸಿಕೊಂಡು, ಮೈಸೂರೂ ಅದರ ಸುತ್ತಣ ಪ್ರಾಂತವೂ ಬಹಳ ಭಯಪಟ್ಟವು. ನಂಜನಗೂಡು ಎಂದರೆ ನಮಗೆ ರಸಬಾಳೆಯೂ ಹಲ್ಲುಪುಡಿಯೂ ನೆನಪಾಗುತ್ತಿದ್ದುವು. ಆ ಏಪ್ರಿಲಿನಲ್ಲಿ ಅಲ್ಲಿಂದ ಬಂದವರನ್ನು ಕಂಡರೆ ಜನ ದಾರಿ ಬಿಟ್ಟು ಸರಿಯುತ್ತಿದ್ದರು.

ನಮ್ಮ ಅಜ್ಜಿಯವರು ಪ್ಲೇಗಿನ ಕಾಲವನ್ನು ಕಂಡವರು. 1898ರಲ್ಲಿ ಆ ಉಪದ್ರವವು ಬೆಂಗಳೂರಿಗೂ ಬಳಿಕ ಮೈಸೂರಿಗೂ ಬಂದಾಗ ಅವರು ಎಂಟೊಂಬತ್ತು ವರ್ಷದ ಹುಡುಗಿ. ಅಟ್ಟದಿಂದ ಇಲಿ ಸತ್ತು ಬಿದ್ದ ಮರುಗಳಿಗೆಯೇ ಅವರ ತಂದೆ ಪಾತ್ರೆ ಪಡಗಗಳನ್ನು ಗಾಡಿಗೆ ಹೇರಿಸಿ, ಬೀಗ ಹಾಕಿ, ಊರ ಹೊರಗೆ ಬಯಲಿನಲ್ಲಿ ಗುಡಿಸಲು ಕಟ್ಟಿಸಿದರಂತೆ. ಅಲ್ಲಿ ತಿಂಗಳಾನುಗಟ್ಟಲೆ ವಾಸ. ಹುಡುಗರಿಗೆ ಅದು ಜಾತ್ರೆಯಂತಿತ್ತೆಂದು ಅಜ್ಜಿ ಹೇಳುತ್ತಿದ್ದರು. ದೊಡ್ಡವರು ಮಾತ್ರ ಬೆಳಗ್ಗೆ ಎದ್ದ ಕೂಡಲೆ ಒಬ್ಬರ ಕಂಕುಳನ್ನೊಬ್ಬರು ಮುಟ್ಟಿ ನೋಡಿಕೊಳ್ಳುತ್ತಿದ್ದರಂತೆ. ಆಗ ಮನೆ ಬಿಟ್ಟು ಓಡಿದರೆ ಬದುಕು, ಈಗ ಮನೆಯಲ್ಲಿ ಕುಳಿತರೆ ಬದುಕು. ವ್ಯಾಧಿಯನ್ನು ತರುವುದು ಇಲಿಯ ಮೇಲಿನ ಚಿಗಟವೋ, ಮನುಷ್ಯನ ಉಸಿರೋ ಎಂಬ ಒಂದು ವ್ಯತ್ಯಾಸದಿಂದ ಸಂಸಾರದ ನಡವಳಿಕೆಯೆಲ್ಲ ಹೀಗೆ ತಿರುಗುಮುರುಗಾಗುವುದು. ಪ್ಲೇಗಿಗಾಗಿ 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ತೆಗೆದು ಉಪಯೋಗಿಸಿದರೆಂದು ಪತ್ರಿಕೆಯಲ್ಲಿ ಓದಿ, ಅಜ್ಜಿಯವರ ಪೆಟ್ಟಿಗೆಯಿಂದ ಹಳೆಯ ರುಮಾಲೊಂದು ಹೊರಬಿದ್ದಂತೆ ನಮಗೆ ತೋರಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಆ ಪ್ಲೇಗಿನ ತರುವಾಯ ಬೆಳೆದ ಬಡಾವಣೆಗಳು. ನಮ್ಮ ಮೈಸೂರಿನಲ್ಲಿಯೂ 1903ರಲ್ಲಿ ನಗರಾಭಿವೃದ್ಧಿಯ ಮಂಡಲಿಯು ಏರ್ಪಟ್ಟು, ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ನೇರವಾದ ಬೀದಿಗಳನ್ನು ಹಾಕಿತು. ನಮ್ಮ ಮನೆಯ ಕಿಟಕಿಯಿಂದ ಬೀದಿಯ ಕೊನೆಯ ತನಕ ದೃಷ್ಟಿ ಹರಿಯುವುದು ಆ ನೇರದ ದೆಸೆಯಿಂದಲೇ. ಲಾಕ್‌ಡೌನಿನಲ್ಲಿ ಆ ಕಿಟಕಿಯೇ ನಮ್ಮ ಪತ್ರಿಕೆಯಾಗಿತ್ತು. ಪ್ಲೇಗಿನ ತರುವಾಯ 1918ರಲ್ಲಿ ಬಂದ ಇನ್‌ಫ್ಲೂಯೆಂಜವು ಹಿಂದೂಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರನ್ನು ಕೊಂಡೊಯ್ದರೂ, ಅಜ್ಜಿಯವರು ಅದರ ಮಾತನ್ನೇ ಆಡುತ್ತಿರಲಿಲ್ಲ. ಆ ವರ್ಷ ಅವರ ಎರಡು ಎಳೆಯ ಕೂಸುಗಳು ಹೋಗಿದ್ದುವೆಂದು ನಮ್ಮ ತಾಯಿಯವರಿಂದ ನಾವು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಗೃಹಕೃತ್ಯದ ವಿಷಯವನ್ನು ಕುರಿತು ಹೆಚ್ಚು ಬರೆದರೆ ವಾಚಕರು ನಗಬಹುದು. ಎಲ್ಲರ ಮನೆಯಲ್ಲಿಯೂ ನಡೆದುದೇ ನಮ್ಮಲ್ಲಿಯೂ ನಡೆಯಿತು. ನಂದಿನಿ ಹಾಲಿನ ಪೊಟ್ಟಣಕ್ಕೆ ಸಾಬೂನಿನ ಸ್ನಾನ, ಬದನೆಕಾಯಿಗೆ ಉಪ್ಪುನೀರಿನ ಸ್ನಾನ, ಪತ್ರಿಕೆಗೆ ಬಿಸಿಲಿನ ಸ್ನಾನ. ಅಕ್ಕನವರ ಶುಂಠಿ, ಮೆಣಸು, ಅಮೃತಬಳ್ಳಿಗಳ ಕಷಾಯವನ್ನು ಕುಡಿದು ಕುಡಿದು ನಮ್ಮ ನಾಲಗೆ ಕಾಫಿಯ ರುಚಿಯನ್ನೇ ಮರೆಯಿತು. ಒಂದು ಸಂಗತಿಯನ್ನು ಮಾತ್ರ ಹೇಳಬೇಕು, ಏಕೆಂದರೆ ಅದನ್ನು ಕಿರಿಯರು ಗಮನಿಸಿರಲಾರರು. ಅಕ್ಕನವರಿಗೆ ಕಿವಿ ಮಂದ. ಎಷ್ಟು ಮಂದವೆಂಬುದು ಅವರಿಗೂ ನಮಗೂ ಅದುವರೆಗೆ ಗೊತ್ತಿರಲಿಲ್ಲ. ಅವರು ತುಟಿಯ ಚಲನೆಯನ್ನು ನೋಡಿ ಮಾತನ್ನು ತಿಳಿಯುತ್ತಿದ್ದರು. ಎಲ್ಲರ ತುಟಿಯೂ ಮುಖಗವಸಿನ ಹಿಂದೆ ಮರೆಯಾದ ದಿನದಿಂದ ಅವರಿಗೆ ಪ್ರಪಂಚವು ಬಾಯಿ ಮುಚ್ಚಿಕೊಂಡಿತು. ಔಷಧದ ಅಂಗಡಿಯವನು ಏನೋ ಹೇಳುವನು, ಇವರು ತಲೆಯಾಡಿಸಿ ಬರುವರು. ಮನೆಗೆ ಬಂದು, “ಇವರೆಲ್ಲ ನನ್ನ ಮೇಲೆ ಸಿಟ್ಟಾಗಿದಾರೇನೇ?” ಎಂದು ಕೇಳಿದರು. ವೈದ್ಯರಿಗೆ ತೋರಿಸಿ ಶ್ರವಣಯಂತ್ರವನ್ನು ತರಿಸುವ ತನಕ, ಎಂದರೆ ಆ ವರ್ಷದ ನವೆಂಬರಿನ ತನಕ, ನಾವು ಒಂದು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆವು.

ನಮ್ಮಲ್ಲಿ ಹದಿನಾಲ್ಕು ವರ್ಷದಿಂದ ಮನೆಗೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳು ಲಾಕ್‌ಡೌನಿನ ಹಿಂದಣ ದಿನ ಪಾತ್ರೆಗಳನ್ನು ಕವುಚಿಟ್ಟು, “ಅಮ್ಮಾವ್ರೆ, ನಾಳೆಯಿಂದ ಬರೋದು ಬ್ಯಾಡ್ವಾ?” ಎಂದು ಕೇಳಿದಳು. ಸಂಬಳವು ನಿಲ್ಲುವುದಿಲ್ಲವೆಂದು ಹೇಳಿ ಕಳುಹಿಸಿದೆವು. ಪೆನ್ಷನ್ ಬರುವವರಿಗೆ ಅದೊಂದು ದೊಡ್ಡ ಔದಾರ್ಯವಲ್ಲ. ಆದರೆ ಆಕೆ ಕೆಲಸ ಮಾಡುತ್ತಿದ್ದ ಬೇರೆ ಮೂರು ಮನೆಗಳಲ್ಲಿ ಎರಡು ಮನೆಯವರು ಹಾಗೆ ಮಾಡಲಿಲ್ಲ. ಆಕೆಯ ಗಂಡ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಮೂಟೆಗಳನ್ನು ಹೊರುತ್ತಿದ್ದನು. ದೇವಸ್ಥಾನಗಳು ಮುಚ್ಚಿ, ಮದುವೆಗಳು ನಿಂತು, ಮೈಸೂರು ಮಲ್ಲಿಗೆಯು ಮೊಗ್ಗು ಬಿಡುವ ಕಾಲದಲ್ಲಿಯೇ ಮಾರುಕಟ್ಟೆಗೆ ಬೀಗ ಬಿತ್ತು. ಕೊಳ್ಳುವವರಿಲ್ಲದ ಹೂವನ್ನು ಬೆಳೆದವರೇ ಗದ್ದೆಯ ಬದುವಿಗೆ ಸುರಿದರು. ಹೊರುವ ಮೂಟೆಯೇ ಇಲ್ಲದಿದ್ದರೆ ಹೊರುವವನ ಗತಿಯೇನು?

ಅವರ ಹಿರಿಯ ಮಗಳು ಸರಕಾರೀ ಶಾಲೆಯಲ್ಲಿ ಹತ್ತನೆಯ ತರಗತಿ. ಮಾರ್ಚ್ 27ರಂದು ಆರಂಭವಾಗಬೇಕಾಗಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮುಂದಕ್ಕೆ ಹೋಗಿ, ಯಾವಾಗ ಎಂಬುದು ತಿಳಿಯದೆ, ಓದಿದುದೆಲ್ಲ ಮರೆಯುವ ಹಾಗಾಗಿತ್ತು. ಚಂದನ ವಾಹಿನಿಯಲ್ಲಿ ಪಾಠಗಳು ಬರುತ್ತಿದ್ದುವು. ಅವರ ಮನೆಯ ಟೆಲಿವಿಷನ್ ಕೆಟ್ಟಿತ್ತು. ಮನೆಯಲ್ಲಿ ಇದ್ದುದು ಒಂದೇ ಫೋನು, ಅದೂ ಕೆಲಸ ಹುಡುಕಿಕೊಂಡು ಹೋಗುವ ತಂದೆಯ ಜೇಬಿನಲ್ಲಿ. ಮೇ ತಿಂಗಳ ನಡುವೆ ನಿರ್ಬಂಧಗಳು ಸ್ವಲ್ಪ ಸಡಿಲವಾದ ಮೇಲೆ ಆ ಹುಡುಗಿ ಗೇಟಿನ ಬಳಿ ನಿಂತು, “ಮಿಸ್, ಶ್ರೇಢಿ ಒಂದು ಅರ್ಥ ಆಗ್ತಿಲ್ಲ” ಎಂದಳು. ಮಿಸ್ ಎಂಬ ಆ ಒಂದು ಶಬ್ದಕ್ಕೆ, ಆರು ವರ್ಷಗಳ ಮೇಲೆ, ನಮ್ಮ ಬೆನ್ನು ತಾನಾಗಿ ನೆಟ್ಟಗಾಯಿತು.

ಹಿತ್ತಲಿನ ಪೇರಲ ಮರದ ಕೆಳಗೆ ಆಕೆಗೊಂದು ಮಣೆ, ನಮಗೆ ಜಗಲಿಯ ಮೇಲೊಂದು ಕುರ್ಚಿ. ನಡುವೆ ಆರಡಿಯ ಅಂತರವನ್ನು ಹಗ್ಗದಿಂದ ಅಳೆದು ಸುಣ್ಣದ ಗೆರೆ ಎಳೆದೆವು. ಗಣಿತದ ಉಪಾಧ್ಯಾಯಿನಿಯರು ಇಂಥದರಲ್ಲಿ ಅಂದಾಜನ್ನು ಒಪ್ಪುವುದಿಲ್ಲ. ಬಚ್ಚಲುಮನೆಯ ಹಳೆಯ ಬಾಗಿಲಿಗೆ ಕರಿಯ ಬಣ್ಣ ಬಳಿದದ್ದೇ ಕರಿಹಲಗೆ. ಥೇಲ್ಸನ ಪ್ರಮೇಯವೂ ಪೈಥಾಗೊರಸನ ಪ್ರಮೇಯವೂ ಸಮಾಂತರ ಶ್ರೇಢಿಗಳೂ ಹೀಗೆ ಆರು ವಾರ ಪೇರಲ ಮರದಡಿಯಲ್ಲಿ ನಡೆದುವು. ಆ ಆಗಸ್ಟಿನಲ್ಲಿ ಸರಕಾರದವರು ವಿದ್ಯಾಗಮ ಎಂಬ ಹೆಸರಿನಿಂದ ಮರದಡಿಯಲ್ಲಿಯೂ ಗುಡಿಯ ಅಂಗಳದಲ್ಲಿಯೂ ಮಕ್ಕಳಿಗೆ ಪಾಠ ಹೇಳಿಸಲು ತೊಡಗಿದಾಗ, ನಮ್ಮ ಪೇರಲ ಮರಕ್ಕೆ ಸ್ವಲ್ಪ ಗರ್ವ ಬಂದಿದ್ದರೆ ಆಶ್ಚರ್ಯವಿಲ್ಲ.

ಜೂನ್ ಮೊದಲ ವಾರದಲ್ಲಿ ಒಂದು ದಿನ ಹುಡುಗಿ ಬರಲಿಲ್ಲ. ಮರುದಿನ ತಾಯಿ ಬಂದು ಗೇಟಿನ ಹೊರಗೆ ಕುಳಿತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಟಿ. ನರಸೀಪುರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಗೆ ಹದಿನಾರು. ಮದುವೆಗೆ ಐವತ್ತು ಜನಕ್ಕಿಂತ ಹೆಚ್ಚು ಸೇರಕೂಡದೆಂಬ ನಿಯಮವು ರೋಗವನ್ನು ತಡೆಯಲೆಂದು ಮಾಡಿದ್ದು. ಆದರೆ ಸಾಲದಲ್ಲಿರುವ ತಂದೆಗೆ ಅದು ಅಗ್ಗದ ಕಾಲವಾಗಿ ಕಂಡಿತು. ಆತನನ್ನು ಕರೆಸಿದೆವು. ಬಂದು, ಟವಲನ್ನು ಬಾಯಿಗೆ ಅಡ್ಡ ಕಟ್ಟಿಕೊಂಡು, ವಿನಯದಿಂದಲೇ ಮಾತನಾಡಿದನು. “ಮೇಡಮ್ಮೋರೆ, ಈಗಾದ್ರೆ ಐವತ್ ಜನದ ಊಟದಲ್ಲಿ ಮುಗಿದೋಯ್ತದೆ. ಬರೋ ವರ್ಷ ಐನೂರು ಜನಕ್ಕೆ ಎಲ್ಲಿಂದ ತರಲಿ?” ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧವೆಂದೂ, ಮಕ್ಕಳ ಸಹಾಯವಾಣಿಗೆ 1098 ಎಂಬ ಸಂಖ್ಯೆಗೆ ಒಂದು ಕರೆ ಹೋದರೆ ಅಧಿಕಾರಿಗಳು ಬಂದು ನಿಲ್ಲಿಸುವರೆಂದೂ, ನಾವು ಆ ಕರೆಯನ್ನು ಮಾಡಲು ಹಿಂಜರಿಯುವವರಲ್ಲವೆಂದೂ ಹೇಳಿದೆವು. ಆತನು ಕೇಳಿ ಸುಮ್ಮನಿದ್ದನು. ಕಾಯಿದೆಯ ಮಾತು ಆತನಿಗೆ ಹೊಸದಾಗಿರಲಿಲ್ಲ.

ಐವತ್ತು ಜನದ ಮದುವೆಗೆ ಹಣ ಎಲ್ಲಿಂದ ಎಂದು ಕೇಳಿದೆವು. ನಲವತ್ತು ಸಾವಿರ ಕೊಡುವವರು ಒಬ್ಬರಿದ್ದಾರೆ, ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ಎಂದನು. ಅಷ್ಟರಲ್ಲಿ, ತಾಯಿಯ ಹಿಂದೆ ನಿಂತಿದ್ದ ಹುಡುಗಿ ಯಾರೂ ಹೇಳದೆ ಮುಂದೆ ಬಂದು ಸೀಮೆಸುಣ್ಣವನ್ನು ತೆಗೆದುಕೊಂಡಳು. ತಿಂಗಳಿಗೆ ಎರಡು ಸಾವಿರ. ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ. ಇಪ್ಪತ್ತನೆಯ ತಿಂಗಳಿಗೆ ಬಡ್ಡಿಯೇ ನಲವತ್ತು ಸಾವಿರ, ಅಸಲು ಹಾಗೆಯೇ ನಿಂತಿರುವುದು. ಬರೆದು, ಕೆಳಗೆ ಎರಡು ಗೆರೆ ಎಳೆದು, ಪಕ್ಕಕ್ಕೆ ಸರಿದಳು. ತಂದೆಯು ಆ ಹಲಗೆಯನ್ನು ಬಹಳ ಹೊತ್ತು ನೋಡಿದನು. ಆತನಿಗೆ ಓದು ಬಾರದು, ಆದರೆ ಮಾರುಕಟ್ಟೆಯಲ್ಲಿ ಬದುಕಿದವನಿಗೆ ಅಂಕಿಗಳು ಬರುತ್ತವೆ. “ಪರೀಕ್ಷೆ ಬರೀಲಿ, ಆಮ್ಯಾಕೆ ನೋಡಣ” ಎಂದು ಎದ್ದು ಹೋದನು. ಆ ‘ಆಮ್ಯಾಕೆ’ ಎಂಬ ಮಾತಿನ ಮೇಲೆ ನಮಗೆ ಎಷ್ಟೋ ರಾತ್ರಿ ನಿದ್ರೆ ಬರಲಿಲ್ಲ.

ಜೂನ್ 25ರಿಂದ ಪರೀಕ್ಷೆಗಳು ನಡೆದುವು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ ಮಕ್ಕಳು ಮುಖಗವಸನ್ನು ಧರಿಸಿ, ಹಣೆಗೆ ಹಿಡಿದ ಉಷ್ಣಮಾಪಕವನ್ನು ದಾಟಿ, ದೂರ ದೂರ ಕುಳಿತು ಬರೆದರು. ಆಗ ಪರೀಕ್ಷೆಯನ್ನು ನಡೆಸುವುದೇ ಸರಿಯಲ್ಲವೆಂದು ವಾದಿಸಿದವರು ಬಹು ಮಂದಿ. ಅವರ ಭಯವು ಅಕಾರಣವಾದುದಲ್ಲ. ಆದರೆ ನಮಗೆ ತಿಳಿದ ಒಂದು ಹುಡುಗಿಯ ಮಟ್ಟಿಗಾದರೂ ಆ ಪರೀಕ್ಷೆ ರದ್ದಾಗಿದ್ದರೆ ಮಂಗಳವಾದ್ಯ ಕೇಳಿಬರುತ್ತಿತ್ತು. ಆಗಸ್ಟ್ 10ರಂದು ಫಲಿತಾಂಶ ಬಂತು. ಪ್ರಥಮ ದರ್ಜೆ, ಗಣಿತದಲ್ಲಿ 71. ಟಿ. ನರಸೀಪುರದವರು ಅಷ್ಟರಲ್ಲಿ ಬೇರೆ ಕಡೆ ಹೆಣ್ಣು ನೋಡಿದ್ದರು.

ಆ ವರ್ಷದ ದಸರಾ ಉತ್ಸವವನ್ನು ವೈದ್ಯರಾದ ಡಾ. ಸಿ. ಎನ್. ಮಂಜುನಾಥರವರು ಉದ್ಘಾಟಿಸಿದರು. ಜಂಬೂ ಸವಾರಿ ಅರಮನೆಯ ಆವರಣವನ್ನು ದಾಟಲಿಲ್ಲ. ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನಿಂದ ಕಾಯುತ್ತಿದ್ದ ಊರು ಅಂದು ಟೆಲಿವಿಷನ್ನಿನ ಮುಂದೆ ಕುಳಿತು, ಆನೆ ಹತ್ತು ಹೆಜ್ಜೆ ಹಾಕಿ ತಿರುಗಿದಂತೆ ಕಂಡಿತು. ಅದನ್ನು ಬಿಡೋಣ.

ಇನ್ನು ನಮ್ಮ ಗೆಳತಿಯ ವಿಷಯ. ಈ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡವನ್ನು ಕಲಿಸಿದ ಆಕೆಯನ್ನು ಹೆಸರು ಹೇಳದಿದ್ದರೂ ಹಳೆಯ ವಿದ್ಯಾರ್ಥಿನಿಯರು ಗುರುತಿಸುವರು. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸಕ್ಕಾಗಿ ಆಕೆಯ ಕೆಂಪು ಶಾಯಿಯ ಪೆಟ್ಟನ್ನು ತಿನ್ನದವರು ಯಾರಿದ್ದಾರೆ? ನಿವೃತ್ತರಾದ ಮೇಲೆ ನಾವಿಬ್ಬರೂ ಪ್ರತಿದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ಆಕೆ ಹೆಜ್ಜಾರ್ಲೆಗಳನ್ನು ನೋಡುವಳು, ನಾವು ಎಣಿಸುವೆವು. ಲಾಕ್‌ಡೌನಿನಲ್ಲಿ ಕೆರೆಯ ಬಾಗಿಲು ಮುಚ್ಚಿದಾಗ ಅದೇ ಹೊತ್ತಿಗೆ ಇಬ್ಬರೂ ತಂತಮ್ಮ ತಾರಸಿಯ ಮೇಲೆ ಫೋನನ್ನು ಕಿವಿಗೆ ಹಿಡಿದು ನಡೆಯುತ್ತಿದ್ದೆವು. “ಈಗ ಎಲ್ಲಿದ್ದೀರಿ?” ಎಂದು ಆಕೆ ಕೇಳುವಳು. “ತೂಬಿನ ಹತ್ತಿರ” ಎಂದು ನಾವು ನೀರಿನ ಟ್ಯಾಂಕಿನ ಬಳಿ ನಿಂತು ಹೇಳುವೆವು. ಹೀಗೆ ಐದಾರು ತಿಂಗಳು.

2021ರ ಜನವರಿ 16ರಂದು ಲಸಿಕೆ ಹಾಕುವುದು ಆರಂಭವಾಯಿತು. ಮಾರ್ಚ್ 1ರಿಂದ ಅರುವತ್ತು ಮೀರಿದವರ ಸರದಿ. ಗೆಳತಿಯೂ ನಾವೂ ಅಕ್ಕನವರೂ ಒಂದೇ ದಿನ ಹೋಗಿ ಕೋವಿಶೀಲ್ಡ್ ಹಾಕಿಸಿಕೊಂಡು ಬಂದೆವು. ಆ ದಿನ ಒಂದು ಹಬ್ಬ. ಸಾಲಿನಲ್ಲಿ ಮುಖಗವಸಿನ ಮೇಲಿಂದ ಬರಿಯ ಕಣ್ಣುಗಳನ್ನು ನೋಡಿ ಹಳೆಯ ಪರಿಚಿತರನ್ನು ಕಂಡುಹಿಡಿಯುವ ಆಟವನ್ನು ಆಡಿದೆವು. ಎರಡನೆಯದಕ್ಕೆ ಆರರಿಂದ ಎಂಟು ವಾರ ಎಂದಿತ್ತು. ಆ ವಾರಗಳು ಮುಗಿಯುವುದರೊಳಗೆ ಎರಡನೆಯ ಅಲೆಯು ಬಂತು.

ಮೊದಲನೆಯ ವರ್ಷದಲ್ಲಿ ರೋಗವೆಂಬುದು ನಮಗೆ ಬಹುಮಟ್ಟಿಗೆ ಸುದ್ದಿಯಾಗಿತ್ತು. ಎರಡನೆಯ ವರ್ಷದಲ್ಲಿ ಅದು ಹೆಸರುಗಳಾಗಿ ಬಂತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯಕ್ಕೆಲ್ಲ ಮತ್ತೆ ಕರ್ಫ್ಯೂ, ಬೆಳಗ್ಗೆ ಆರರಿಂದ ಹತ್ತರ ತನಕ ಮಾತ್ರ ಅಂಗಡಿ. ಆಂಬುಲೆನ್ಸಿನ ಕೂಗು ಕೇಳದ ಗಳಿಗೆಯಿರಲಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ಗೆಳತಿಗೆ ಜ್ವರ ಬಂತು. ನಾಲ್ಕನೆಯ ದಿನ ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ 86 ಎಂದು ತೋರಿತು. ಆಕೆಯ ಮಗ ಪರದೇಶದಲ್ಲಿ. ನಾವು ಫೋನಿನ ಪಕ್ಕದಲ್ಲಿ ಒಂದು ಕಾಗದವನ್ನಿಟ್ಟುಕೊಂಡು ಹಾಸಿಗೆಗಾಗಿ ಹನ್ನೊಂದು ಕಡೆ ಕೇಳಿದೆವು. ಒಂದು ಕಡೆಯವರು ಮುಂಗಡ ಹಣ ಎಷ್ಟು ತರುವಿರೆಂಬುದನ್ನು ವಯಸ್ಸಿಗಿಂತ ಮೊದಲು ಕೇಳಿದರು. ಹನ್ನೆರಡನೆಯ ಕಡೆ ದೊರೆಯಿತು, ಅದೂ ಅಲ್ಲಿ ದಾದಿಯಾಗಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದ್ದುದರಿಂದ.

ಒಳಗೆ ನಡೆದುದನ್ನು ನಾವು ಬಲ್ಲುದು ಆಕೆಯ ಬಾಯಿಂದ. ತಲೆಯಿಂದ ಕಾಲಿನ ತನಕ ಬಿಳಿಯ ಉಡುಪು ಧರಿಸಿದವರಲ್ಲಿ ಯಾರು ಯಾರೆಂದು ರೋಗಿಗಳಿಗೆ ತಿಳಿಯದಾದ ಕಾರಣ ದಾದಿಯರು ಎದೆಯ ಮೇಲೆ ತಮ್ಮ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದರು. ಈ ಹುಡುಗಿ ತನ್ನ ಹೆಸರಿನ ಕೆಳಗೆ ‘ಶುಶೃಷಕಿ’ ಎಂದು ಬರೆದುಕೊಂಡಿದ್ದಳು. ಮೂರನೆಯ ದಿನ ಗೆಳತಿಯು ಪ್ರಾಣವಾಯುವಿನ ಮುಖವಾಡದ ಹಿಂದಿನಿಂದ ಆ ಅಕ್ಷರಗಳನ್ನು ದಿಟ್ಟಿಸಿ ನೋಡಿ, ಕೈಸನ್ನೆ ಮಾಡಿ ಆಕೆಯನ್ನು ಹತ್ತಿರ ಕರೆದು, ಹೊದಿಕೆಯ ಮೇಲೆ ಬೆರಳಿನಿಂದ ಮೊದಲು ಶ, ಅದರ ಅಡಿಯಲ್ಲಿ ರಕಾರದ ಒತ್ತು, ಆಮೇಲೆ ಊಕಾರದ ಕೊಂಬನ್ನು ನಿಧಾನವಾಗಿ ಎಳೆದು ತೋರಿಸಿದಳಂತೆ. ಹುಡುಗಿ ಹೊರಗೆ ಹೋಗಿ ಹೊಸ ಉಡುಪಿನ ಮೇಲೆ ‘ಶುಶ್ರೂಷಕಿ’ ಎಂದು ತಿದ್ದಿ ಬರೆದುಕೊಂಡು ಬಂದಳು. ಗೆಳತಿ ನೋಡಿ ಹೆಬ್ಬೆರಳನ್ನು ಎತ್ತಿದಳು. ಅದಾದ ಎರಡು ದಿನಕ್ಕೆ, ಬೆಳಗಿನ ಜಾವ, ತೀರಿಕೊಂಡಳು.

ನಮ್ಮನ್ನು ಯಾರೂ ಕರೆಯುವಂತಿರಲಿಲ್ಲ, ನಾವು ಹೋಗುವಂತೆಯೂ ಇರಲಿಲ್ಲ. ಮಗನು ಪರದೇಶದಲ್ಲಿದ್ದುಕೊಂಡು, ನಾವು ಇಲ್ಲಿದ್ದುಕೊಂಡು, ಒಂದೇ ಫೋನಿನ ಗಾಜಿನಲ್ಲಿ ನೋಡಿದೆವು. ಐದಾರು ನಿಮಿಷ. ಹೊತ್ತವರು ಗುರುತಿಲ್ಲದ ನಾಲ್ವರು ಯುವಕರು, ಅವರಲ್ಲೊಬ್ಬನು ಕೊನೆಯಲ್ಲಿ ಕೈಗವಸುಗಳಿಂದಲೇ ಕೈ ಮುಗಿದನು. ಮಾರನೆಯ ಬೆಳಗ್ಗೆ ಆರು ಗಂಟೆಗೆ ನಾವು ಎಂದಿನಂತೆ ತಾರಸಿಗೆ ಹೋಗಿ ನಿಂತೆವು. ಅಕ್ಕನವರು ಮೇಲೆ ಬಂದು ಏನೂ ಕೇಳದೆ ನಮ್ಮೊಡನೆ ನೀರಿನ ಟ್ಯಾಂಕಿನ ಸುತ್ತ ನಡೆದರು. ಅವರಿಗೆ ಮೊಣಕಾಲು ನೋವು, ಮೂರೇ ಸುತ್ತು.

2021ರ ಆಗಸ್ಟ್ 23ರಂದು ಪ್ರೌಢಶಾಲೆಯ ಮೇಲಿನ ತರಗತಿಗಳು ಮತ್ತೆ ತೆರೆದಾಗ ಬೆಳಗಿನ ಗಂಟೆಯು ಹಿತ್ತಲಿಗೆ ಕೇಳಿಸಿತು. ಅಕ್ಕನವರಿಗೂ ಕೇಳಿಸಿತು, ಶ್ರವಣಯಂತ್ರದ ಪ್ರಭಾವ. ಮುಂದಿನ ವಾರಗಳಲ್ಲಿ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೆರೆಯೇ ಉಳಿದುದನ್ನು ಈಗಿನ ಉಪಾಧ್ಯಾಯಿನಿಯರು ನಮಗೆ ಹೇಳಿದರು. ಅವರು ಮನೆಮನೆಗೂ ಹೋಗಿ ಹಲವರನ್ನು ಕರೆತಂದರು. ಎಲ್ಲರನ್ನೂ ಕರೆತರಲಾಗಲಿಲ್ಲ. ಎಲ್ಲ ಬೀದಿಗಳಲ್ಲಿಯೂ ಕರಿಯ ಬಣ್ಣ ಬಳಿದ ಬಚ್ಚಲುಮನೆಯ ಬಾಗಿಲು ಇರುವುದಿಲ್ಲ. ಸರಕಾರದ ಲೆಕ್ಕದಂತೆ ಕರ್ನಾಟಕದಲ್ಲಿ ಈ ರೋಗದಿಂದ ಮಡಿದವರು 40,000ಕ್ಕೂ ಮಿಕ್ಕು. ಬಾರದೆ ಹೋದ ಹುಡುಗಿಯರು ಆ ಲೆಕ್ಕದಲ್ಲಿ ಸೇರಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯವರು ತುರ್ತುಸ್ಥಿತಿ ಮುಗಿಯಿತೆಂದು ಸಾರಿದಾಗ ಪತ್ರಿಕೆಯಲ್ಲಿ ಅದು ಒಳಪುಟದ ಸುದ್ದಿ. ಅಕ್ಕನವರು ಓದಿ, “ಇನ್ನೂ ಮುಗಿದಿರಲಿಲ್ವೇ?” ಎಂದರು.

ಹೂವಿನ ಮೂಟೆ ಹೊರುವವನ ಮಗಳು ಪಿ.ಯು.ಸಿ. ಮುಗಿಸಿ, ವಾಣಿಜ್ಯ ಪದವಿಯನ್ನು ಪಡೆದು, ಈಗ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಆಕೆಯ ತಂದೆ ಸಾಲವನ್ನು ತೆಗೆದುಕೊಳ್ಳದೆ ಇರಲಿಲ್ಲ. ಎರಡನೆಯ ಅಲೆಯಲ್ಲಿ, ಮದುವೆಗಲ್ಲ, ಅಕ್ಕಿಗೆ ತೆಗೆದುಕೊಂಡನು. ಅದು ತೀರಿದ್ದು ಮಗಳ ಸಂಬಳದಲ್ಲಿ.

ಗೆಳತಿಯ ಪುಸ್ತಕಗಳನ್ನು ಆಕೆಯ ಮಗನು ನಮ್ಮ ಇಷ್ಟದಂತೆ ವಿನಿಯೋಗಿಸಲು ಹೇಳಿದ್ದರಿಂದ ಹೆಚ್ಚಿನವನ್ನು ಶಾಲೆಯ ಪುಸ್ತಕಭಂಡಾರಕ್ಕೆ ಕೊಟ್ಟೆವು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲರ ಶಬ್ದಕೋಶದ ಮರುಮುದ್ರಣವೂ ಅದರಲ್ಲಿದೆ. ಅಂಚಿನಲ್ಲೆಲ್ಲ ಆಕೆಯ ಪೆನ್ಸಿಲಿನ ಗುರುತುಗಳು. ಶಕಾರದ ಪುಟಗಳಲ್ಲಿ ಒಂದು ಚೀಟಿಯನ್ನು ಆ ದಾದಿ ಹುಡುಗಿಯೇ ಬಂದು ಇಟ್ಟು ಹೋಗಿದ್ದಾಳೆ. ಬಾಗಿಲಿನಿಂದ ಎಡಗಡೆಯ ಎರಡನೆಯ ಬೀರು, ಮೇಲಿನಿಂದ ಮೂರನೆಯ ಅರೆ. ನೋಡಬೇಕೆನ್ನುವ ಹಳೆಯ ವಿದ್ಯಾರ್ಥಿನಿಯರು ಭಂಡಾರದ ಉಪಾಧ್ಯಾಯಿನಿಯವರನ್ನು ಕೇಳಿದರೆ ತೆಗೆದುಕೊಡುವರು.